ತವರಿಗೆ ಮರಳದ ಹಣ: ವಿದ್ವದ್ವಿನಿಮಯದ ಒಂದು ಲೆಕ್ಕಪತ್ರ

೧

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬ ನಾಣ್ಣುಡಿ ಕನ್ನಡಿಗರಿಗೆ ಬಾಲ್ಯದಿಂದಲೂ ಪರಿಚಿತವಾದುದು. ಸುತ್ತುವುದರಿಂದಲೂ ಓದುವುದರಿಂದಲೂ ಆಗುವ ಲಾಭವನ್ನು ಈ ಮಾತು ಎತ್ತಿ ಹೇಳುತ್ತದೆಯೇ ಹೊರತು, ಸುತ್ತುವವನ ದಾರಿಯ ವೆಚ್ಚವನ್ನು ಯಾರು ಕೊಡಬೇಕು, ಕೋಶವನ್ನು ಯಾರ ಹಣದಿಂದ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಪೂರ್ವಕಾಲದಲ್ಲಿ ಈ ಪ್ರಶ್ನೆಗೆ ಅರಸರೂ ಮಠಗಳೂ ವರ್ತಕರೂ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಈ ಭಾರದ ಬಹುಭಾಗವನ್ನು ರಾಷ್ಟ್ರಗಳ ರಾಯಭಾರ ಕಚೇರಿಗಳು ವಹಿಸಿಕೊಂಡುವು. ಪ್ರಾಧ್ಯಾಪಕರು, ಕೃಷಿತಜ್ಞರು, ಗ್ರಂಥಪಾಲಕರು, ಸಂಗೀತಗಾರರು, ಭಾಷಾವಿಜ್ಞಾನಿಗಳು ಮೊದಲಾದವರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಳುಹಿಸುವುದೂ ಬರಮಾಡಿಕೊಳ್ಳುವುದೂ ರಾಜನೀತಿಯ ಒಂದು ಅಂಗವೇ ಆಯಿತು.

ಇಂಥ ವಿನಿಮಯಗಳಲ್ಲಿ ಭಾರತಕ್ಕೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೂ ನಡುವೆ ಸ್ವಾತಂತ್ರ್ಯಾನಂತರ ನಡೆದುದು ಅತ್ಯಂತ ವಿಸ್ತಾರವಾದುವುಗಳಲ್ಲಿ ಒಂದು. ಅದರ ಕಥೆಯನ್ನು ಸಾಮಾನ್ಯವಾಗಿ ಸ್ನೇಹದ ಕಥೆಯೆಂದು ಹೇಳುವವರುಂಟು. ಪ್ರಚಾರದ ಕಥೆಯೆಂದು ಹೇಳುವವರೂ ಉಂಟು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಈ ವಿನಿಮಯದ ಮೂಲದಲ್ಲಿ ಸ್ನೇಹಕ್ಕೂ ಪ್ರಚಾರಕ್ಕೂ ಹಿಂದಿನದಾದ ಒಂದು ಸಂಗತಿಯಿದೆ. ಅದು ಹಣದ ಸಂಗತಿ. ಅದರಲ್ಲಿಯೂ, ಹುಟ್ಟಿದ ದೇಶವನ್ನು ಬಿಟ್ಟು ಹೊರಕ್ಕೆ ಹೋಗಲಾರದೆ, ಒಡೆಯನ ತವರನ್ನು ಸೇರಲಾರದೆ ನಿಂತುಹೋದ ಹಣದ ಸಂಗತಿ. ಆ ಲೆಕ್ಕವನ್ನು ಮೊದಲಿನಿಂದ ಓದಿದಲ್ಲದೆ ಈ ವ್ಯವಹಾರದಲ್ಲಿ ಯಾರಿಗೆ ಏನು ದೊರೆಯಿತು, ವಿಶೇಷವಾಗಿ ಕನ್ನಡಕ್ಕೆ ಏನು ದೊರೆಯಿತು ಎಂಬುದು ಸ್ಪಷ್ಟವಾಗಲಾರದು.

೨

ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದಾಗ ಅಮೆರಿಕದ ಸೇನೆಯ ಅಪಾರ ಸಾಮಗ್ರಿ ಲೋಕದ ನಾನಾ ಭಾಗಗಳಲ್ಲಿ ಬಿದ್ದಿತ್ತು. ಭಾರತವೂ ಇದಕ್ಕೆ ಹೊರತಾಗಿರಲಿಲ್ಲ. ಬಂಗಾಳ ಮತ್ತು ಅಸ್ಸಾಮುಗಳು ಚೀನಾ ಮತ್ತು ಬರ್ಮಾ ರಣರಂಗಗಳಿಗೆ ದಾರಿಯಾಗಿದ್ದುವು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೇ ೧೯೪೩ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ಸೇನೆಯ ವಶದಲ್ಲಿದ್ದು, ಅಲ್ಲಿ ಆ ಸೇನೆಯ ವಿಮಾನಗಳು ದುರಸ್ತಿಯಾಗುತ್ತಿದ್ದುವು. ಲಾರಿ, ಯಂತ್ರ, ಔಷಧ, ಆಹಾರ, ಬಟ್ಟೆ ಎಂದು ಉಳಿದ ಸರಕನ್ನು ಮರಳಿ ಸಾಗಿಸುವ ಖರ್ಚು ಸರಕಿನ ಬೆಲೆಯನ್ನು ಮೀರುವಂತಿತ್ತು. ಅದನ್ನು ಇದ್ದಲ್ಲಿಯೇ ಮಾರುವುದೊಂದೇ ದಾರಿ. ಆದರೆ ಕೊಳ್ಳುವ ದೇಶಗಳ ಬಳಿ ಡಾಲರು ಇರಲಿಲ್ಲ. ಇದ್ದುದು ತಂತಮ್ಮ ನಾಣ್ಯ ಮಾತ್ರ. ಆ ನಾಣ್ಯವನ್ನು ಡಾಲರಿಗೆ ಪರಿವರ್ತಿಸಿ ಕೊಂಡೊಯ್ಯಲು ಯುದ್ಧಾನಂತರದ ವಿನಿಮಯ ನಿರ್ಬಂಧಗಳು ಆಸ್ಪದ ಕೊಡುವಂತಿರಲಿಲ್ಲ. ಇಂತು ಅಮೆರಿಕದ ಸರ್ಕಾರವು ಅನೇಕ ದೇಶಗಳಲ್ಲಿ ತನ್ನದೇ ಆದ, ಆದರೆ ತಾನು ಮನೆಗೆ ತರಲಾರದ ಹಣಕ್ಕೆ ಒಡೆಯನಾಗುವ ಸ್ಥಿತಿಯೊದಗಿತು.

ಈ ಹಣವನ್ನು ವಿದ್ಯೆಗೆ ವಿನಿಯೋಗಿಸಬಹುದೆಂಬ ಯೋಚನೆಯನ್ನು ಶಾಸನರೂಪಕ್ಕೆ ತಂದವರು ಅರ್ಕನ್ಸಾಸ್ ಸಂಸ್ಥಾನದ ಸೆನೆಟರಾಗಿದ್ದ ಜೆ. ವಿಲಿಯಂ ಫುಲ್‌ಬ್ರೈಟ್ ಅವರು. ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿದವರು. ಸ್ವಲ್ಪ ಕಾಲ ಅರ್ಕನ್ಸಾಸ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದವರು. ಅವರ ಕಣ್ಣ ಮುಂದೆ ಒಂದು ಪೂರ್ವೋದಾಹರಣೆಯೂ ಇತ್ತು. ಚೀನಾದೇಶವು ಬಾಕ್ಸರ್ ದಂಗೆಯ ತರುವಾಯ ೧೯೦೧ರ ಒಡಂಬಡಿಕೆಯಂತೆ ಪರರಾಷ್ಟ್ರಗಳಿಗೆ ತೆರಬೇಕಾಗಿ ಬಂದ ದಂಡದಲ್ಲಿ ಅಮೆರಿಕದ ಪಾಲಿನ ಒಂದು ಭಾಗವನ್ನು ಅಮೆರಿಕವು ೧೯೦೮ರಲ್ಲಿ ಬಿಟ್ಟುಕೊಟ್ಟು, ಅದು ಚೀನೀ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಸಲ್ಲುವಂತೆ ಏರ್ಪಡಿಸಿತ್ತು. ೧೯೧೧ರಲ್ಲಿ ಪೀಕಿಂಗಿನಲ್ಲಿ ಸ್ಥಾಪಿತವಾದ ಚಿಂಗ್‌ಹ್ವಾ ವಿದ್ಯಾಶಾಲೆ ಅದರ ಫಲ. ಚೀನೀ ಸಾಹಿತ್ಯದಲ್ಲಿ ಆಡುಮಾತಿಗೆ ಮಾನ್ಯತೆ ತಂದುಕೊಟ್ಟ ಹೂ ಷಿ ಅವರು ೧೯೧೦ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಹೋದುದು ಇದೇ ಹಣದಿಂದ. ದಂಡದ ಹಣ ವಿದ್ಯಾದಾನವಾಗಿ ಮಾರ್ಪಟ್ಟ ಈ ನಿದರ್ಶನ ಫುಲ್‌ಬ್ರೈಟರಿಗೆ ದಾರಿ ತೋರಿತು.

ಅವರು ತಮ್ಮ ಮಸೂದೆಯನ್ನು ೧೯೪೫ನೆಯ ಸೆಪ್ಟೆಂಬರಿನಲ್ಲಿ ಮಂಡಿಸಿದರು. ಅದನ್ನು ಅವರು ವಿದ್ಯಾಭ್ಯಾಸದ ಮಸೂದೆಯೆಂದು ಸಾರದೆ, ಹೆಚ್ಚುವರಿ ಸಾಮಗ್ರಿಯ ವಿಲೇವಾರಿಗೆ ಸಂಬಂಧಿಸಿದ ೧೯೪೪ರ ಶಾಸನಕ್ಕೆ ಒಂದು ತಿದ್ದುಪಡಿಯೆಂದು ತಂದುದು ಜಾಣತನದ ಕೆಲಸ. ಬೊಕ್ಕಸದಿಂದ ಹೊಸ ಹಣ ಕೇಳದ ತಿದ್ದುಪಡಿಯನ್ನು ಯಾರೂ ಬಹಳವಾಗಿ ಪರಿಶೀಲಿಸಲಿಲ್ಲ. ಸೆನೆಟ್ಟಿನಲ್ಲಿ ಅದು ಚರ್ಚೆಯಿಲ್ಲದೆ ಅಂಗೀಕೃತವಾಯಿತು. ಅದರ ಅರ್ಥ ತನಗೆ ಆಗಲೇ ತಿಳಿದಿದ್ದರೆ ಅಲ್ಲಿಯೇ ಅದನ್ನು ತಡೆಯುತ್ತಿದ್ದೆನೆಂದು ಹಿರಿಯ ಸೆನೆಟರೊಬ್ಬರು ಮುಂದೆ ತಮಗೆ ಹೇಳಿದರೆಂಬುದನ್ನು ಫುಲ್‌ಬ್ರೈಟರು ವಿನೋದವಾಗಿ ಸ್ಮರಿಸುತ್ತಿದ್ದರು. ದೇಶದ ಎಳೆಯರನ್ನು ಹೊರಕ್ಕೆ ಕಳುಹಿಸಿದರೆ ಅವರಿಗೆ ಪರದೇಶದ ವಾದಗಳ ಸೋಂಕು ತಗಲೀತು ಎಂಬುದು ಆ ಹಿರಿಯರ ಭಯವಾಗಿತ್ತು. ಅಧ್ಯಕ್ಷ ಟ್ರೂಮನ್ನರು ೧೯೪೬ನೆಯ ಆಗಸ್ಟ್ ೧ರಂದು ಇದಕ್ಕೆ ಅಂಕಿತ ಹಾಕಿದರು.

ಈ ಶಾಸನದ ರಚನೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಆಯಾ ದೇಶದೊಡನೆ ಪ್ರತ್ಯೇಕವಾದ ಒಡಂಬಡಿಕೆಯಾಗಿ, ಆ ದೇಶದಲ್ಲಿ ಉಭಯ ರಾಷ್ಟ್ರಗಳವರಿರುವ ಒಂದು ಪ್ರತಿಷ್ಠಾನದ ಮೂಲಕ ಹಣ ವೆಚ್ಚವಾಗತಕ್ಕದ್ದು. ಎರಡನೆಯದು, ವಿದ್ಯಾರ್ಥಿಗಳ ಮತ್ತು ವಿದ್ವಾಂಸರ ಆಯ್ಕೆಯು ರಾಯಭಾರಿಯ ಕೈಯಲ್ಲಿಯೂ ಇರದೆ, ವಿದೇಶಾಂಗ ಇಲಾಖೆಯ ಕೈಯಲ್ಲಿಯೂ ಇರದೆ, ಅಧ್ಯಕ್ಷರು ನೇಮಿಸುವ ಹತ್ತು ಮಂದಿಯ ಒಂದು ಮಂಡಲಿಗೆ ಸೇರತಕ್ಕದ್ದು. ಹಣ ಸರ್ಕಾರದ್ದು, ಆಯ್ಕೆ ವಿದ್ವಾಂಸರದು ಎಂಬ ಈ ವಿಭಜನೆಯೇ ಯೋಜನೆಯ ಮಾನವನ್ನು ಬಹುಕಾಲ ಕಾಪಾಡಿತೆನ್ನಬೇಕು.

೩

ಮೊದಲ ಒಡಂಬಡಿಕೆ ನಡೆದುದು ಚೀನಾದೊಡನೆ, ೧೯೪೭ನೆಯ ನವೆಂಬರಿನಲ್ಲಿ. ಅಮೆರಿಕದಿಂದ ಮೊದಲು ಹೊರಟ ವಿದ್ವಾಂಸರಾದ ಡರ್ಕ್ ಬಾಡ್ ಅವರು ೧೯೪೮ರಲ್ಲಿ ಪೀಕಿಂಗನ್ನು ಸೇರಿದರು. ಅವರು ಅಲ್ಲಿದ್ದಾಗಲೇ ಊರು ಕ್ರಾಂತಿಕಾರರ ವಶವಾಯಿತು. ಅವರು ಬರೆದಿಟ್ಟ ದಿನಚರಿ ಆ ಸಂಧಿಕಾಲಕ್ಕೆ ಒಂದು ಸಾಕ್ಷಿಯಾಗಿ ಉಳಿಯಿತು. ಯೋಜನೆ ಮಾತ್ರ ಅಲ್ಲಿ ಉಳಿಯಲಿಲ್ಲ. ವಿದ್ವದ್ವಿನಿಮಯವು ರಾಜ್ಯಗಳ ಒಡಂಬಡಿಕೆಯ ಮೇಲೆ ನಿಂತಿರುವಷ್ಟು ಕಾಲ ರಾಜ್ಯಗಳ ಏಳುಬೀಳುಗಳಿಗೆ ಅದು ಒಳಪಟ್ಟೇ ಇರುತ್ತದೆ ಎಂಬ ಪಾಠವು ಹೀಗೆ ಆರಂಭದಲ್ಲಿಯೇ ದೊರೆಯಿತು.

ಭಾರತದೊಡನೆ ಒಡಂಬಡಿಕೆಯಾದುದು ೧೯೫೦ನೆಯ ಫೆಬ್ರವರಿ ೨ರಂದು, ಗಣರಾಜ್ಯ ಘೋಷಣೆಯಾದ ಒಂದು ವಾರದೊಳಗೆ. ಪ್ರಧಾನಿ ನೆಹರೂ ಅವರೂ ರಾಯಭಾರಿ ಲಾಯ್ ಹೆಂಡರ್ಸನ್ ಅವರೂ ಅದಕ್ಕೆ ಸಹಿ ಹಾಕಿದರು. ಅದರಂತೆ ದೆಹಲಿಯಲ್ಲಿ ಸಂಯುಕ್ತ ಸಂಸ್ಥಾನಗಳ ಶೈಕ್ಷಣಿಕ ಪ್ರತಿಷ್ಠಾನವು ಸ್ಥಾಪಿತವಾಯಿತು. ರಾಯಭಾರಿಗಳು ಅದಕ್ಕೆ ಗೌರವಾಧ್ಯಕ್ಷರು.

ಲೆಕ್ಕ ಬಲ್ಲವರಿಗೆ ಕೂಡಲೇ ಕಾಣತಕ್ಕ ಒಂದು ಊನವು ಈ ಏರ್ಪಾಡಿನಲ್ಲಿತ್ತು. ಪ್ರತಿಷ್ಠಾನದ ಬಳಿ ಇದ್ದುದು ರೂಪಾಯಿ. ಅಮೆರಿಕದಿಂದ ಬಂದ ಪ್ರಾಧ್ಯಾಪಕರಿಗೆ ಭಾರತದಲ್ಲಿ ಸಂಬಳ, ವಸತಿ, ಪ್ರಯಾಣಗಳ ವೆಚ್ಚವನ್ನು ರೂಪಾಯಿಯಲ್ಲಿ ಕೊಡಬಹುದು. ಭಾರತದಿಂದ ಹೋಗುವ ವಿದ್ಯಾರ್ಥಿಗೆ ಹಡಗಿನ ಟಿಕೆಟ್ಟನ್ನೂ ರೂಪಾಯಿಯಲ್ಲಿ ಕೊಳ್ಳಬಹುದು. ಆದರೆ ಆತನು ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ಊಟ ಮಾಡುವುದು ಡಾಲರಿನಲ್ಲಿ. ರೂಪಾಯಿ ಅಲ್ಲಿ ನಡೆಯದು. ಆದುದರಿಂದ ಹೋಗುವವನಿಗೆ ಫುಲ್‌ಬ್ರೈಟ್ ನಿಧಿಯು ಪ್ರಯಾಣವೇತನವನ್ನು ಕೊಡುತ್ತಿತ್ತು. ಅಲ್ಲಿಯ ಜೀವನಕ್ಕೆ ಯಾವುದಾದರೂ ವಿಶ್ವವಿದ್ಯಾನಿಲಯದ ಕೃಪೆಯೋ, ೧೯೪೮ರ ಸ್ಮಿತ್–ಮುಂಟ್ ಶಾಸನದಂತೆ ಅಮೆರಿಕದ ಬೊಕ್ಕಸದಿಂದ ಮಂಜೂರಾಗುತ್ತಿದ್ದ ಡಾಲರೋ ಒದಗಬೇಕಾಗಿತ್ತು. ಬರುವವರಿಗೆ ಹೆದ್ದಾರಿ, ಹೋಗುವವರಿಗೆ ಕಾಲುದಾರಿ ಎಂಬಂತಾಯಿತು. ಇದು ಯಾರ ದುರುದ್ದೇಶದಿಂದಲೂ ಆದುದಲ್ಲ. ನಾಣ್ಯದ ಸ್ವಭಾವದಿಂದ ಆದುದು. ವಿನಿಮಯವೆಂಬ ಶಬ್ದದಲ್ಲಿ ಸಮಾನತೆಯ ಧ್ವನಿಯಿದ್ದರೂ, ಡಾಲರಿಗೂ ರೂಪಾಯಿಗೂ ಇದ್ದ ಅಸಮಾನತೆ ವಿದ್ವಾಂಸರ ಹಾದಿಯಲ್ಲಿಯೂ ಪ್ರತಿಬಿಂಬಿಸಿತು.

೪

ಯುದ್ಧದ ಸರಕು ಒಂದು ದಿನ ತೀರಲೇಬೇಕು. ಅದು ತೀರುವಷ್ಟರಲ್ಲಿ ಗೋಧಿ ಬಂತು.

೧೯೫೧ರಲ್ಲಿ ಭಾರತವು ತೀವ್ರವಾದ ಧಾನ್ಯದ ಅಭಾವದಲ್ಲಿದ್ದಾಗ ಅಮೆರಿಕವು ಧಾನ್ಯ ಕೊಳ್ಳಲು ೧೯ ಕೋಟಿ ಡಾಲರಿನ ಸಾಲವನ್ನು ಮಂಜೂರು ಮಾಡಿತು. ಆ ಶಾಸನದಲ್ಲಿಯೇ, ಮೊದಲ ವರ್ಷಗಳ ಬಡ್ಡಿಯಲ್ಲಿ ೫೦ ಲಕ್ಷ ಡಾಲರುಗಳವರೆಗಿನ ಮೊತ್ತವನ್ನು ಭಾರತದ ವಿದ್ಯಾಸಂಸ್ಥೆಗಳಿಗೆ ಪುಸ್ತಕ ಮತ್ತು ವೈಜ್ಞಾನಿಕ ಉಪಕರಣಗಳನ್ನು ಒದಗಿಸುವುದಕ್ಕೂ ವಿದ್ವಾಂಸರ ವಿನಿಮಯಕ್ಕೂ ಬಳಸಬಹುದೆಂದು ವಿಧಿಸಲಾಯಿತು. ಹಸಿದವರು ತೆತ್ತ ಬಡ್ಡಿ ಅವರ ಗ್ರಂಥಾಲಯಕ್ಕೆ ಪುಸ್ತಕವಾಗಿ ಮರಳಿತು.

ಇದಕ್ಕಿಂತ ದೊಡ್ಡ ಪ್ರವಾಹ ಹರಿದುದು ೧೯೫೪ನೆಯ ಜುಲೈಯಲ್ಲಿ ಅಧ್ಯಕ್ಷ ಐಸನ್‌ಹೋವರರ ಅಂಕಿತ ಪಡೆದ, ಪಿ. ಎಲ್. ೪೮೦ ಎಂದು ಪ್ರಸಿದ್ಧವಾದ ಶಾಸನದಿಂದ. ಅಮೆರಿಕದ ರೈತರು ಬೆಳೆದ ಹೆಚ್ಚುವರಿ ಧಾನ್ಯವನ್ನು ಡಾಲರಿಲ್ಲದ ದೇಶಗಳಿಗೆ ಅವುಗಳ ನಾಣ್ಯಕ್ಕೇ ಮಾರುವ ಏರ್ಪಾಡು ಇದು. ಭಾರತದೊಡನೆ ಇದರ ಮೊದಲ ಒಪ್ಪಂದವಾದುದು ೧೯೫೬ನೆಯ ಆಗಸ್ಟಿನಲ್ಲಿ. ೧೯೬೦ನೆಯ ಮೇ ತಿಂಗಳಿನಲ್ಲಿ ಆಹಾರ ಸಚಿವ ಎಸ್. ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಒಪ್ಪಂದದಂತೆ ನಾಲ್ಕು ವರ್ಷಗಳಲ್ಲಿ ೧೬೦ ಲಕ್ಷ ಟನ್ ಗೋಧಿಯೂ ೧೦ ಲಕ್ಷ ಟನ್ ಅಕ್ಕಿಯೂ ಬರಬೇಕಾಗಿತ್ತು. ಈ ಧಾನ್ಯದ ಬೆಲೆಯನ್ನು ಭಾರತ ಸರ್ಕಾರವು ರೂಪಾಯಿಯಲ್ಲಿ ಅಮೆರಿಕದ ಹೆಸರಿನ ಖಾತೆಗೆ ಜಮಾ ಮಾಡುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಅಭಿವೃದ್ಧಿ ಕಾರ್ಯಗಳಿಗೆ ಸಾಲವಾಗಿಯೂ ಅನುದಾನವಾಗಿಯೂ ಭಾರತಕ್ಕೇ ಮರಳುತ್ತಿತ್ತು. ಉಳಿದ ಪಾಲು ಅಮೆರಿಕದ ಸ್ವಂತ ಉಪಯೋಗಕ್ಕೆ. ರಾಯಭಾರ ಕಚೇರಿಯ ಸಂಬಳ ಸಾರಿಗೆಗಳಿಂದ ಹಿಡಿದು ವಿದ್ವಾಂಸರ ವೇತನದವರೆಗೆ ಎಲ್ಲವೂ ಆ ಪಾಲಿನಿಂದ ನಡೆಯಬೇಕು. ಖಾತೆಯ ಮೊತ್ತ ವರ್ಷ ವರ್ಷಕ್ಕೆ ಬೆಳೆಯಿತು. ಸಾಲಗಳ ಅಸಲು ಬಡ್ಡಿಗಳೂ ಬಂದು ಅದಕ್ಕೇ ಸೇರಿದುವು. ಒಡೆಯನು ಎಷ್ಟು ವೆಚ್ಚ ಮಾಡಿದರೂ ಕರಗದ, ಆದರೆ ಹೊರಕ್ಕೆ ಒಯ್ಯಲಾಗದ ನಿಧಿಯಿದು.

ಧಾನ್ಯ ಕೊಡುವುದರ ಜೊತೆಗೆ ಧಾನ್ಯ ಬೆಳೆಯುವ ವಿದ್ಯೆಯನ್ನು ಕೊಡುವ ಪ್ರಯತ್ನವೂ ಬೇರೊಂದು ಬಾಬಿನಲ್ಲಿ ನಡೆಯುತ್ತಿತ್ತು. ೧೯೫೨ನೆಯ ಜನವರಿಯಲ್ಲಿ ಆದ ತಾಂತ್ರಿಕ ಸಹಕಾರದ ಒಪ್ಪಂದದ ಅನಂತರ ಅಮೆರಿಕದ ಕೃಷಿ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಭಾರತದ ಪ್ರಾಂತಗಳಿಗೆ ಬರತೊಡಗಿದರು. ಮೈಸೂರು ಸಂಸ್ಥಾನಕ್ಕೆ ಒದಗಿದುದು ಟೆನೆಸೀ ವಿಶ್ವವಿದ್ಯಾನಿಲಯದ ನೆರವು. ೧೯೬೪ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿವಿಜ್ಞಾನಗಳ ವಿಶ್ವವಿದ್ಯಾನಿಲಯವು ಆರಂಭವಾದಾಗ, ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಎಂಬ ಮೂರನ್ನೂ ಒಂದೇ ಸೂರಿನ ಕೆಳಗೆ ತರುವ ಅಮೆರಿಕದ ಮಾದರಿಯನ್ನೇ ಅದು ಅನುಸರಿಸಿತು. ಆದರೆ ಹೆಬ್ಬಾಳದಲ್ಲಿ ಅದಕ್ಕೆ ಮೊದಲೇ ಕೃಷಿಶಾಲೆಯೂ ಪ್ರಯೋಗಕ್ಷೇತ್ರವೂ ಇದ್ದು ದಶಕಗಳ ಅನುಭವ ಕೂಡಿತ್ತು ಎಂಬುದನ್ನು ಮರೆಯಲಾಗದು. ಬಂದ ತಜ್ಞರು ಬಿತ್ತಿದುದು ಹದ ಮಾಡಿದ್ದ ನೆಲದಲ್ಲಿ.

೫

ಹದವಾದ ನೆಲವೆಂದರೇನು ಎಂಬುದಕ್ಕೆ ವಿದ್ಯಾಕ್ಷೇತ್ರದಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನ ಬೇಕಾದರೆ ಕರ್ನಾಟಕದ ಗಡಿಯಾಚೆಗೆ, ಪುಣೆಗೆ ಬರಬೇಕು.

ಪುಣೆಯ ಡೆಕ್ಕನ್ ಕಾಲೇಜು ೧೯೩೪ರಲ್ಲಿ ಮುಚ್ಚಿಹೋಗಿ, ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಕೊಂಕಣಿ ಭಾಷೆಯ ಚರಿತ್ರೆಯನ್ನು ಬರೆದ ಸುಮಿತ್ರ ಮಂಗೇಶ ಕತ್ರೆಯವರು ಅದರ ನಿರ್ದೇಶಕರು. ಸಂಸ್ಕೃತದ ಬೃಹತ್ಕೋಶದ ಕಾರ್ಯವು ೧೯೪೮ರಲ್ಲಿಯೇ ಅಲ್ಲಿ ಪ್ರಾರಂಭವಾಗಿತ್ತು. ಪುರಾತತ್ತ್ವದಲ್ಲಿ ಸಂಕಾಳಿಯಾ ಅವರೂ ಸಮಾಜಶಾಸ್ತ್ರದಲ್ಲಿ ಇರಾವತಿ ಕರ್ವೆಯವರೂ ಅಲ್ಲಿ ದುಡಿಯುತ್ತಿದ್ದರು. ಇಂಥ ಸಂಸ್ಥೆಗೆ ೧೯೫೪ರಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ದೊರೆತು, ಆಧುನಿಕ ಭಾಷಾವಿಜ್ಞಾನದ ಶಿಬಿರಗಳು ನಡೆಯತೊಡಗಿದುವು. ಇದು ರಾಯಭಾರ ಕಚೇರಿಯ ಹಣವಲ್ಲ, ಖಾಸಗಿ ಧರ್ಮನಿಧಿಯ ಹಣ ಎಂಬ ಭೇದವನ್ನು ಇಲ್ಲಿ ಗುರುತಿಸಬೇಕು. ಆದರೆ ಹಣದ ಕಾಲುವೆಗಳು ಬೇರೆಯಾದರೂ ಅವು ಹರಿದು ಬಂದು ಸೇರಿದ ಕೆರೆ ಒಂದೇ.

ಈ ಕಾಲುವೆಗುಂಟ ಬಂದವರಲ್ಲಿ ವಿಲಿಯಂ ಬ್ರೈಟ್ ಎಂಬ ತರುಣರೊಬ್ಬರಿದ್ದರು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕರೋಕ್ ಭಾಷೆಯ ಮೇಲೆ ಅವರು ಡಾಕ್ಟರೇಟ್ ಪ್ರಬಂಧ ಬರೆದಿದ್ದರು. ೧೯೫೫ರಿಂದ ೧೯೫೭ರವರೆಗೆ ಭಾರತದಲ್ಲಿದ್ದು, ಡೆಕ್ಕನ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಅವರು ಕನ್ನಡವನ್ನು ಕಲಿತರು. ೧೯೫೮ರಲ್ಲಿ ಆಡುಗನ್ನಡದ ಸ್ವರೂಪವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವನ್ನು ಡೆಕ್ಕನ್ ಕಾಲೇಜು ಪ್ರಕಟಿಸಿತು. ಕೇಶಿರಾಜ, ಭಟ್ಟಾಕಳಂಕರಿಂದ ಕಿಟೆಲ್ಲರವರೆಗೆ ಕನ್ನಡದ ವೈಯಾಕರಣರು ಮುಖ್ಯವಾಗಿ ಗ್ರಂಥಸ್ಥವಾದ ಭಾಷೆಗೆ ಲಕ್ಷಣ ಬರೆದವರು. ಬ್ರೈಟರು ತೆಗೆದುಕೊಂಡುದು ಮನೆಯಲ್ಲಿ ಬೀದಿಯಲ್ಲಿ ಆಡುವ ಮಾತನ್ನು. ಬೆಂಗಳೂರಿನ ಬ್ರಾಹ್ಮಣರ ಮಾತನ್ನೂ ಒಕ್ಕಲಿಗರ ಮಾತನ್ನೂ ಅವರು ಹೋಲಿಸಿದರು. ಒಬ್ಬರು ‘ಇದೆ’ ಎನ್ನುವಲ್ಲಿ ಇನ್ನೊಬ್ಬರು ‘ಐತಿ’ ಎನ್ನುವುದು, ‘ಹಾಲು’ ಎಂಬುದು ಇನ್ನೊಂದು ಬಾಯಲ್ಲಿ ‘ಆಲು’ ಆಗುವುದು ಕೇವಲ ತಪ್ಪುಒಪ್ಪುಗಳ ಮಾತಲ್ಲ, ಭಾಷೆ ಬದಲಾಗುವ ಎರಡು ಬಗೆಯ ಸಾಕ್ಷ್ಯ ಎಂಬುದು ಅವರು ೧೯೬೦ರಲ್ಲಿ ಮಂಡಿಸಿದ ವಾದ. ಒಂದು ಬಗೆಯ ಬದಲಾವಣೆ ಆಡುವವನ ಅರಿವಿನಿಂದ, ಎರವಲು ಪದಗಳಿಂದ ಬರುವುದು. ಇನ್ನೊಂದು ಅವನ ಅರಿವಿಗೆ ಬಾರದೆ ಧ್ವನಿಯಲ್ಲಿ ನಡೆಯುವುದು.

ಕನ್ನಡದ ಮಣ್ಣಿನಲ್ಲಿ ಹುಟ್ಟಿದ ಈ ವಾದವನ್ನು ಮುಂದಕ್ಕೆ ಒಯ್ಯುವುದರಲ್ಲಿ ಅವರಿಗೆ ಜೊತೆಯಾದವರು ಎ. ಕೆ. ರಾಮಾನುಜನ್ ಅವರು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಬೆಳಗಾವಿ ಮತ್ತು ಬರೋಡಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ರಾಮಾನುಜನ್ನರು ೧೯೫೮ರಲ್ಲಿ ಇದೇ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಮರುವರ್ಷ ಅವರು ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೊರಟುದು ಫುಲ್‌ಬ್ರೈಟ್ ಪ್ರಯಾಣವೇತನ ಮತ್ತು ಸ್ಮಿತ್–ಮುಂಟ್ ವೇತನ ಎರಡನ್ನೂ ಪಡೆದು. ರೂಪಾಯಿ ಒಂದು ಕಡೆಯಿಂದ, ಡಾಲರು ಇನ್ನೊಂದು ಕಡೆಯಿಂದ ಬಂದು ಕೂಡಿದಾಗ ಮಾತ್ರ ಪಯಣ ಸಾಧ್ಯವಾಗುತ್ತಿತ್ತು ಎಂದು ಮೇಲೆ ಹೇಳಿದುದಕ್ಕೆ ಇದೇ ಉದಾಹರಣೆ. ಅಲ್ಲಿ ೧೯೬೩ರಲ್ಲಿ ಅವರಿಗೆ ಡಾಕ್ಟರೇಟ್ ದೊರೆತ ಪ್ರಬಂಧದ ವಿಷಯ ಕನ್ನಡದ ವ್ಯಾಕರಣವೇ. ಅವರೂ ಬ್ರೈಟರೂ ಕೂಡಿ ತಮಿಳು, ಕನ್ನಡ, ತುಳುಗಳ ಜಾತಿಭೇದದ ಮಾತುಗಳನ್ನು ಹೋಲಿಸಿ, ಬರವಣಿಗೆಯ ಬಳಕೆಯಿರುವಲ್ಲಿ ಅರಿವಿಲ್ಲದ ಬದಲಾವಣೆಗೆ ಅದೊಂದು ಕಡಿವಾಣವಾಗುವಂತೆ ತೋರುತ್ತದೆ, ಬರವಣಿಗೆಯ ರೂಢಿ ಹೆಚ್ಚಾಗಿಲ್ಲದ ತುಳುವಿನಲ್ಲಿ ಎರಡು ವರ್ಗಗಳ ಮಾತೂ ಹಾಗೆಯೇ ಬದಲಾಗುತ್ತದೆ ಎಂದು ತೋರಿಸಿದರು. ೧೯೬೨ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದ ರಾಮಾನುಜನ್ನರು ವಚನಗಳನ್ನು ಅನುವಾದಿಸಿ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥವೂ, ಅನಂತಮೂರ್ತಿಯವರ ‘ಸಂಸ್ಕಾರ’ದ ೧೯೭೬ರ ಅನುವಾದವೂ ಕನ್ನಡವನ್ನು ಇಂಗ್ಲಿಷ್ ಓದುಗರ ಬಳಿಗೆ ಕೊಂಡೊಯ್ದುವು.

ಹಡಗಿನ ಒಂದು ಟಿಕೆಟ್ಟಿಗೆ ಇಷ್ಟು ಫಲವೆ ಎಂದು ಯಾರಾದರೂ ಆಶ್ಚರ್ಯಪಡಬಹುದು. ಫಲವು ಟಿಕೆಟ್ಟಿನದಲ್ಲ. ಪುಣೆಯಲ್ಲಿ ಕತ್ರೆಯವರ ಸಂಸ್ಥೆ ಇರದಿದ್ದರೆ, ತರುಣ ಅಮೆರಿಕನ್ನರು ಬಂದು ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೋಗುತ್ತಿದ್ದರು. ತರುಣ ಕನ್ನಡಿಗರು ಹೋಗಿ ಪದವಿ ಪಡೆದು ಬರುತ್ತಿದ್ದರು. ಇಬ್ಬರ ನಡುವೆ ಒಂದು ಪ್ರಶ್ನೆ ಹುಟ್ಟುತ್ತಿರಲಿಲ್ಲ.

೬

ವಿದ್ವಾಂಸರನ್ನು ಸಾಗಿಸಿದ ಗೋಧಿಯ ರೂಪಾಯಿಯೇ ಮುಂದೆ ಪುಸ್ತಕಗಳನ್ನೂ ಸಾಗಿಸಿತು. ೧೯೫೮ರಲ್ಲಿ ಪಿ. ಎಲ್. ೪೮೦ ಶಾಸನಕ್ಕೆ ಆದ ತಿದ್ದುಪಡಿಯೊಂದು, ಈ ಹಣದಿಂದ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸಲು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಅಧಿಕಾರ ಕೊಟ್ಟಿತು. ೧೯೬೨ರಲ್ಲಿ ಅದರ ಕಚೇರಿ ದೆಹಲಿಯಲ್ಲಿ ಕೆಲಸಕ್ಕೆ ತೊಡಗಿ, ಭಾರತದ ಭಾಷೆಗಳಲ್ಲಿ ಅಚ್ಚಾಗುತ್ತಿದ್ದ ಗ್ರಂಥಗಳನ್ನು ಕ್ರಮವಾಗಿ ಕೊಂಡು, ಪಟ್ಟಿ ಮಾಡಿ, ಅನೇಕ ವಿಶ್ವವಿದ್ಯಾನಿಲಯಗಳಿಗೆ ಹಂಚಿತು. ಕನ್ನಡದ ಕಾದಂಬರಿ, ಕವನಸಂಕಲನ, ಸಂಶೋಧನ ಗ್ರಂಥಗಳೂ ಈ ಪಟ್ಟಿಯಲ್ಲಿ ಸೇರಿದುವು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದ ಪುಸ್ತಕವು ಶಿಕಾಗೋ ನಗರದ ಕಪಾಟನ್ನು ಸೇರಿದುದು ಬಿಹಾರದಲ್ಲಿಯೋ ಮುಂಬಯಿಯಲ್ಲಿಯೋ ಪಡಿತರದ ಗೋಧಿ ತಿಂದವರ ಹಣದಿಂದ ಎಂದರೆ ಅತಿಶಯೋಕ್ತಿಯಾಗದು. ರೂಪಾಯಿಯ ನಿಧಿ ತೀರಿದ ಮೇಲೆ ಆ ಗ್ರಂಥಾಲಯಗಳು ತಮ್ಮ ಹಣ ಕೊಟ್ಟು ಈ ಕ್ರಮವನ್ನು ಮುಂದುವರಿಸಿದುವು. ಉಚಿತವಾಗಿ ಬಂದುದು ಅಭ್ಯಾಸವಾಗಿ, ಅಭ್ಯಾಸವು ಅಗತ್ಯವಾಯಿತು.

ಪುಣೆಯ ಪಾಲಿಗೆ ಇನ್ನೊಂದು ಸಂಗತಿಯೂ ಸಂದಿದೆ. ಅಮೆರಿಕದ ವಿಶ್ವವಿದ್ಯಾನಿಲಯಗಳು ಕೂಡಿ ೧೯೬೧ರಲ್ಲಿ, ನಾರ್ಮನ್ ಬ್ರೌನ್ ಅವರ ನೇತೃತ್ವದಲ್ಲಿ, ಭಾರತೀಯ ಅಧ್ಯಯನಗಳ ಸಂಸ್ಥೆಯೊಂದನ್ನು ಕಟ್ಟಿದಾಗ ಭಾರತದಲ್ಲಿ ಅದರ ಮೊದಲ ಕಚೇರಿ ನೆಲೆಗೊಂಡುದು ಡೆಕ್ಕನ್ ಕಾಲೇಜಿನಲ್ಲಿಯೇ. ಅದರ ಸಂಶೋಧಕರ ವೇತನಕ್ಕೂ ಗೋಧಿಯ ರೂಪಾಯಿ ಒದಗಿತು. ಇದಕ್ಕೆ ಪ್ರತಿಯಾಗಿ ೧೯೬೪ರಲ್ಲಿ ಹೈದರಾಬಾದಿನಲ್ಲಿ ಅಮೆರಿಕದ ಅಧ್ಯಯನಗಳ ಕೇಂದ್ರವು ಸ್ಥಾಪಿತವಾಗಿ, ಭಾರತದ ನಾನಾ ಭಾಗಗಳ ಇಂಗ್ಲಿಷ್ ಅಧ್ಯಾಪಕರು ಅಲ್ಲಿಯ ಗ್ರಂಥಭಂಡಾರದಲ್ಲಿ ಕುಳಿತು ಓದಿದರು.

೭

ಇಷ್ಟನ್ನು ಹೇಳಿದ ಮೇಲೆ ಲೆಕ್ಕದ ಎಡಬದಿಯನ್ನೂ ನೋಡದಿರುವುದು ನ್ಯಾಯವಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ರಾಷ್ಟ್ರಗಳ ವಿಷಯದಲ್ಲಿ ನಡೆಯದು. ಅಲ್ಲಿ ಕೊಟ್ಟವನಿಗೆ ತನ್ನ ಉದ್ದೇಶ ಇದ್ದೇ ಇರುತ್ತದೆ. ಸ್ಮಿತ್–ಮುಂಟ್ ಶಾಸನವು ಸೋವಿಯತ್ ಒಕ್ಕೂಟದೊಡನೆ ನಡೆದ ಸ್ಪರ್ಧೆಯ ಕಾಲದಲ್ಲಿ ಹುಟ್ಟಿದುದು. ೧೯೫೮ರಲ್ಲಿ ಡೇವ್ ಬ್ರೂಬೆಕ್ಕರ ಜಾಝ್ ಮೇಳ ಭಾರತಕ್ಕೆ ಬಂದುದೂ ವಿದೇಶಾಂಗ ಇಲಾಖೆಯ ಪ್ರೇರಣೆಯಿಂದಲೇ. ಬಂದವರು ಮೃದಂಗವಿದ್ವಾಂಸರಿಂದ ತಾಳವನ್ನು ಕುತೂಹಲದಿಂದ ಕೇಳಿದುದು ಬೇರೆ ಮಾತು. ಕಳುಹಿಸಿದವರ ಎಣಿಕೆ ಅ‌ಷ್ಟೇ ಆಗಿರಲಿಲ್ಲ. ಏಷ್ಯಾ ಫೌಂಡೇಶನ್ ಎಂಬ ಸಂಸ್ಥೆಗೆ ಅಮೆರಿಕದ ಗೂಢಚಾರ ಇಲಾಖೆಯ ಹಣ ಸಲ್ಲುತ್ತಿತ್ತೆಂಬುದು ೧೯೬೭ರಲ್ಲಿ ಬಯಲಾಯಿತು. ಮರುವರ್ಷ ಭಾರತ ಸರ್ಕಾರವು ಆ ಸಂಸ್ಥೆಯ ಬಾಗಿಲು ಮುಚ್ಚಿಸಿತು. ಹಿಮಾಲಯದ ಗಡಿನಾಡುಗಳ ಅಧ್ಯಯನಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ಹಣ ಸಂದುದೂ ೧೯೬೮ರಲ್ಲಿ ವಿವಾದಕ್ಕೆ ಗುರಿಯಾಯಿತು. ಒಬ್ಬರ ಕಪಟದಿಂದಾಗಿ ಪ್ರಾಮಾಣಿಕರಾದ ಅನೇಕ ಸಂಶೋಧಕರು ಸಂದೇಹಕ್ಕೆ ಪಾತ್ರರಾಗಿ, ಪರವಾನಗಿಗಾಗಿ ಕಾಯಬೇಕಾಯಿತು. ಆಯ್ಕೆಯ ಅಧಿಕಾರವನ್ನು ಹಣದ ಅಧಿಕಾರದಿಂದ ಬೇರ್ಪಡಿಸಿದ್ದ ಫುಲ್‌ಬ್ರೈಟರ ಮುಂದಾಲೋಚನೆ ಎಷ್ಟು ಸರಿಯಾದುದೆಂಬುದು ಇಂಥ ಸಂದರ್ಭಗಳಲ್ಲಿ ವ್ಯಕ್ತವಾಗುತ್ತದೆ.

ರೂಪಾಯಿಯ ರಾಶಿಯೇ ಕೊನೆಗೆ ಇಬ್ಬರಿಗೂ ಭಾರವಾಯಿತು. ಭಾರತದ ಚಲಾವಣೆಯಲ್ಲಿ ಪರರಾಷ್ಟ್ರವೊಂದಕ್ಕೆ ಇಷ್ಟು ದೊಡ್ಡ ಪಾಲಿರುವುದು ಸಾರ್ವಭೌಮತ್ವಕ್ಕೆ ಕುಂದೆಂದು ಇಲ್ಲಿಯವರಿಗೆ ತೋರಿತು. ಎಂದಿಗೂ ವೆಚ್ಚವಾಗದ ಹಣ ವೃಥಾ ವೈಮನಸ್ಯಕ್ಕೆ ಕಾರಣವೆಂದು ಅಲ್ಲಿಯವರಿಗೂ ತೋರಿತು. ೧೯೭೪ನೆಯ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು ೧,೬೬೪ ಕೋಟಿ ರೂಪಾಯಿಗಳ ಚೆಕ್ಕೊಂದನ್ನು ಭಾರತ ಸರ್ಕಾರದ ಅರ್ಥ ಇಲಾಖೆಯ ಕಾರ್ಯದರ್ಶಿಗಳ ಕೈಗಿತ್ತು ಈ ಋಣದ ಬಹುಭಾಗವನ್ನು ತೀರಿಸಿಬಿಟ್ಟರು. ಜಗತ್ತಿನ ಅತ್ಯಂತ ದೊಡ್ಡ ಚೆಕ್ಕೆಂದು ಅದು ದಾಖಲೆಯ ಗ್ರಂಥಗಳನ್ನು ಸೇರಿತು. ಉಳಿಸಿಕೊಂಡ ಭಾಗದಿಂದ ರಾಯಭಾರ ಕಚೇರಿಯ ವೆಚ್ಚವೂ ವಿದ್ಯಾವಿನಿಮಯವೂ ಇನ್ನೂ ಕೆಲವು ಕಾಲ ನಡೆದುವು.

೮

ಈ ದೀರ್ಘ ಲೆಕ್ಕದ ಕೊನೆಯ ಪುಟಗಳು ಇತ್ತೀಚಿನವು. ಹೋಗುವ ಬರುವ ವೆಚ್ಚದಲ್ಲಿ ಇತರ ಸರ್ಕಾರಗಳೂ ಪಾಲುಗೊಳ್ಳಬಹುದೆಂದು ೧೯೬೧ರ ಫುಲ್‌ಬ್ರೈಟ್–ಹೇಸ್ ಶಾಸನವು ದಾರಿ ತೆರೆದಿತ್ತು. ಭಾರತವು ಆ ದಾರಿಯನ್ನು ಪೂರ್ಣವಾಗಿ ತುಳಿದುದು ೨೦೦೮ನೆಯ ಜುಲೈಯಲ್ಲಿ. ಅಂದಿನ ಹೊಸ ಒಡಂಬಡಿಕೆಯಂತೆ ಎರಡು ಸರ್ಕಾರಗಳೂ ಸಮಾನ ಪಾಲುದಾರರಾದುವು. ವೇತನಕ್ಕೆ ಫುಲ್‌ಬ್ರೈಟ್–ನೆಹರೂ ಎಂದು ಹೆಸರಾಯಿತು. ಹಂಗಿನ ಹಣದಿಂದ ಆರಂಭವಾದ ವ್ಯವಹಾರವು ಪಾಲಿನ ಹಣಕ್ಕೆ ಬಂದು ನಿಲ್ಲಲು ೫೮ ವರ್ಷಗಳು ಹಿಡಿದುವು. ಇತ್ತ, ಆಯ್ಕೆಯ ಸ್ವಾತಂತ್ರ್ಯವನ್ನು ಕಾಯಲೆಂದು ನಿರ್ಮಿತವಾದ ಅಮೆರಿಕದ ಮಂಡಲಿಯ ಬಹುಮಂದಿ ಸದಸ್ಯರು, ತಾವು ಆರಿಸಿದವರನ್ನು ಸರ್ಕಾರವು ಕೈಬಿಟ್ಟಿತೆಂದು ಆಕ್ಷೇಪಿಸಿ ೨೦೨೫ನೆಯ ಜೂನ್ ತಿಂಗಳಿನಲ್ಲಿ ರಾಜೀನಾಮೆ ಕೊಟ್ಟರು. ಹಣದ ಪ್ರಶ್ನೆ ಬಗೆಹರಿದರೂ ಆಯ್ಕೆಯ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡದ ಮಟ್ಟಿಗೆ ಈ ಇತಿಹಾಸದ ತಾತ್ಪರ್ಯವೇನು? ಗಿರೀಶ ಕಾರ್ನಾಡರು ೧೯೮೭–೮೮ರಲ್ಲಿ ಫುಲ್‌ಬ್ರೈಟ್ ವೇತನದ ನೆರವಿನಿಂದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಾಟಕಕಾರರಾಗಿದ್ದರು. ‘ನಾಗಮಂಡಲ’ ಆ ಕಾಲದ್ದು. ಅದಕ್ಕೆ ಆಧಾರವಾದ ಕನ್ನಡದ ಜನಪದ ಕಥೆಗಳನ್ನು ಅವರಿಗೆ ಹೇಳಿದವರು ರಾಮಾನುಜನ್ನರು. ಕರ್ನಾಟಕದ ಅಜ್ಜಿಯರ ಬಾಯಿಂದ ಹೊರಟ ಕಥೆ ಸಮುದ್ರವನ್ನು ದಾಟಿ, ಪರನಗರವೊಂದರಲ್ಲಿ ಒಬ್ಬ ಕನ್ನಡಿಗನಿಂದ ಇನ್ನೊಬ್ಬ ಕನ್ನಡಿಗನ ಕಿವಿಗೆ ಬಿದ್ದು, ನಾಟಕವಾಗಿ ಕರ್ನಾಟಕಕ್ಕೆ ಮರಳಿತು. ತವರಿಗೆ ಮರಳದ ಹಣದ ಸಂತತಿಯಾದ ಈ ವ್ಯವಸ್ಥೆ ಕಥೆಯನ್ನು ಮಾತ್ರ ತವರಿಗೆ ತಲುಪಿಸಿತು.

ಆದರೆ ರಾಮಾನುಜನ್ನರು ಆ ಕಥೆಗಳನ್ನು ಯಾವ ವೇತನವೂ ಬರುವ ಮೊದಲೇ ಕೂಡಿಡಲು ತೊಡಗಿದ್ದರೆಂಬುದನ್ನು ನೆನೆಯಬೇಕು. ಕತ್ರೆಯವರ ಕೋಶಕಾರ್ಯ ರಾಕ್‌ಫೆಲರರ ಹಣಕ್ಕಿಂತ ಹಳೆಯದು. ಹೆಬ್ಬಾಳದ ಪ್ರಯೋಗಕ್ಷೇತ್ರ ಟೆನೆಸೀ ತಜ್ಞರಿಗಿಂತ ಹಳೆಯದು. ಕಳುಹಿಸುವವನ ಉದ್ದೇಶ ಏನೇ ಇರಲಿ, ಬರಮಾಡಿಕೊಳ್ಳುವವನ ಮನೆಯಲ್ಲಿ ಮೊದಲೇ ಒಂದು ಕೆಲಸ ನಡೆಯುತ್ತಿದ್ದಲ್ಲಿ ವಿನಿಮಯವು ವಿದ್ಯೆಯಾಯಿತು. ಇಲ್ಲದಲ್ಲಿ ಅದು ಆತಿಥ್ಯವಾಗಿ ಮುಗಿಯಿತು.

ಆಡುಗನ್ನಡದ ಆ ವಿವರಣೆ ಅಚ್ಚಾದುದು ಕರ್ನಾಟಕದ ಹೊರಗೆ, ಪುಣೆಯಲ್ಲಿ ಎಂಬ ಸಂಗತಿ ಹೊರನಾಡ ಕನ್ನಡಿಗರು ಹೆಮ್ಮೆಪಡತಕ್ಕದ್ದು ಮಾತ್ರವಲ್ಲ, ಯೋಚಿಸತಕ್ಕದ್ದೂ ಹೌದು. ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ಮೂರು ನಾಲ್ಕು ತಲೆಮಾರುಗಳಿಂದ ಬದುಕಿ ಬಂದ ಅವರ ಮನೆಮಾತು, ಬೆಂಗಳೂರಿನ ಮಾತು ಬ್ರೈಟರಿಗೆ ಒದಗಿದಂತೆ, ಶೋಧಿಸುವವರಿಗೆ ಒದಗಬಲ್ಲ ಸಂಪತ್ತು. ಅದನ್ನು ಕೇಳಿ, ಬರೆದಿಟ್ಟು, ಜೋಡಿಸುವ ಕೆಲಸಕ್ಕೆ ಯಾವ ರಾಯಭಾರ ಕಚೇರಿಯ ಮಂಜೂರಾತಿಯೂ ಬೇಕಾಗಿಲ್ಲ. ಆ ಕೆಲಸ ನಡೆದಿರುವ ಮನೆಗೆ ಅತಿಥಿ ಬಂದರೆ ಅವನಿಗೂ ಲಾಭ, ಮನೆಯವರಿಗೂ ಲಾಭ. ಬಾರದಿದ್ದರೆ ಮನೆಯವರಿಗೆ ನಷ್ಟವೇನೂ ಇಲ್ಲ.